ಗಾಬರಿಗೆ ಕೊಡುವ ಮಾತ್ರೆ: ಶುರು ಮಾಡುವ ದಿನವೇ ನಿಲ್ಲಿಸುವ ದಿನವನ್ನೂ ಕೇಳಿ

ಗಾಬರಿಗೆ ಕೊಡುವ ಅಲ್ಪ್ರಜೋಲಾಮ್ ಕೆಟ್ಟ ಮಾತ್ರೆಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಅಂಕಣ ಓದಿ ಹೆದರಿ, ತಿಂಗಳುಗಟ್ಟಲೆ ನುಂಗುತ್ತಿದ್ದ ಮಾತ್ರೆಯನ್ನು ಯಾರಾದರೂ ಇವತ್ತೇ ಬಿಸಾಕಿದರೆ ಅದರಿಂದ ಆಗುವ ಅಪಾಯವೇ ಜಾಸ್ತಿ.

ಮನೋವೈದ್ಯನಾಗಿ ನಾನೂ ಇದನ್ನು ಬರೆದುಕೊಡುತ್ತೇನೆ. ಪ್ಯಾನಿಕ್ ಅಟ್ಯಾಕ್ ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಇದ್ದಕ್ಕಿದ್ದಂತೆ ಎದೆ ಡವಡವ ಅನ್ನುತ್ತದೆ, ಮೈಯೆಲ್ಲ ಬೆವರುತ್ತದೆ, ಉಸಿರು ಕಟ್ಟಿದಂತಾಗಿ 'ಇನ್ನೇನು ಜೀವ ಹೋಯ್ತು' ಅನ್ನಿಸುತ್ತದೆ. ಆಸ್ಪತ್ರೆಗೆ ಓಡಿದರೆ ಇಸಿಜಿ ನಾರ್ಮಲ್. ಅಂಥವರಿಗೆ ಪಾಯಿಂಟ್ ಟೂ ಫೈವ್, ಅಂದರೆ 0.25 ಮಿಲಿಗ್ರಾಂ ಮಾತ್ರೆ ಬೇಗ ನೆಮ್ಮದಿ ಕೊಡುತ್ತದೆ. ನರಕೋಶಗಳ ಗಡಿಬಿಡಿ ತಗ್ಗಿಸಲು ಮಿದುಳಿನಲ್ಲೇ ಗಾಬಾ ಎಂಬ ರಾಸಾಯನಿಕ ಇದೆ, ಮಾತ್ರೆ ಅದಕ್ಕೆ ಬಲ ಕೊಡುತ್ತದೆ. ಗಾಬರಿಯ ಕಾಯಿಲೆಗೆ ಬೇರಿನಿಂದ ಚಿಕಿತ್ಸೆ ಅಂದರೆ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಥರದ ಔಷಧಿ ಮತ್ತು ಕೌನ್ಸೆಲಿಂಗ್. ಅವು ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಆ ವಾರಗಳನ್ನು ದಾಟಿಸುವುದಕ್ಕೆ ಅಲ್ಪ್ರಜೋಲಾಮ್. ಸಾಮಾನ್ಯವಾಗಿ 2ರಿಂದ 4 ವಾರ, ಅಷ್ಟೇ.

ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ ಅಲ್ವಾ? ಓಪಿಡಿಯಲ್ಲಿ ನಾನು ಮತ್ತೆ ಮತ್ತೆ ನೋಡುವ ಒಂದು ಚೀಟಿ ಇದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟಿರುತ್ತಾರೆ, ಮಡಿಕೆ ಬಿದ್ದ ಕಡೆ ಹರಿದಿರುತ್ತದೆ, ಅಕ್ಷರ ಅರ್ಧ ಅಳಿಸಿರುತ್ತದೆ. ಯಾವತ್ತೋ 10 ದಿನಕ್ಕೆ ಅಂತ ಬರೆದಿದ್ದು. ಅದನ್ನೇ ತೋರಿಸಿ ವರ್ಷಗಟ್ಟಲೆ ಮಾತ್ರೆ ತಂದಿರುತ್ತಾರೆ. ಕಾನೂನು ಇಲ್ಲ ಅಂತಲ್ಲ. 2014ರಿಂದ ಇದು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಸ್ಟ್ರಿಪ್ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ, ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟರು ಅನ್ನುವುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಆದರೂ ಹಳೇ ಚೀಟಿ ಓಡುತ್ತಲೇ ಇದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಎದುರಿಗೆ ಕೂತವರು ಯಾವ ತಪ್ಪೂ ಮಾಡಿಲ್ಲ, ಡಾಕ್ಟರು ಹೇಳಿದ ಮಾತ್ರೆಯನ್ನೇ ನುಂಗಿದ್ದಾರೆ, ಯಾವಾಗ ನಿಲ್ಲಿಸಬೇಕು ಅಂತ ಮಾತ್ರ ಅವರಿಗೆ ಯಾರೂ ಹೇಳಿಲ್ಲ.

ದಿನಾ ನುಂಗಿದರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಮೊದಲು ಅರ್ಧ ಸಾಕಾಗಿದ್ದವರಿಗೆ ಒಂದು ಬೇಕು. ಈ ಮಾತ್ರೆ ಮೈಯಿಂದ ಬೇಗ ಇಳಿಯುತ್ತದೆ, ಆರೋಗ್ಯವಂತರಲ್ಲಿ ಸುಮಾರು 11 ಗಂಟೆಗಳಲ್ಲಿ ರಕ್ತದಲ್ಲಿರುವ ಅದರ ಮಟ್ಟ ಅರ್ಧಕ್ಕೆ ಬರುತ್ತದೆ. ಹಾಗಾಗಿ ಮುಂದಿನ ಮಾತ್ರೆಯ ಹೊತ್ತಾಗುವ ಮೊದಲೇ ಕೈ ನಡುಗಲು ಶುರುವಾಗುತ್ತದೆ. ಜನ ಇದನ್ನು 'ಕಾಯಿಲೆ ಜಾಸ್ತಿಯಾಯ್ತು' ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಮಾತ್ರೆ ಇಳಿಯುತ್ತಿರುವುದರ ಲಕ್ಷಣ.

ನಿಜವಾದ ಆಪತ್ತು ಬರುವುದು ಸಡನ್ ಆಗಿ ಬಿಟ್ಟಾಗ. ಊರಿಗೆ ಹೋದಾಗ ಸ್ಟ್ರಿಪ್ ಮರೆತಿರುತ್ತಾರೆ, ಇಲ್ಲ ಮನೆಯವರು 'ನಿದ್ದೆ ಮಾತ್ರೆ ಸಾಕು' ಅಂತ ಕಿತ್ತಿಟ್ಟಿರುತ್ತಾರೆ. ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಬೆವರು, ನಡುಕ, ಮೊದಲಿಗಿಂತ ಜೋರಾದ ಗಾಬರಿ. ಜಾಸ್ತಿ ಡೋಸನ್ನು ಬಹಳ ದಿನ ತಗೊಂಡವರಿಗೆ ಫಿಟ್ಸ್ ಕೂಡ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಬಿಡುವುದಾದರೆ ನಿಧಾನವಾಗಿ ಬಿಡಬೇಕು. ಬಹಳ ದಿನದಿಂದ ನುಂಗುತ್ತಿರುವವರಿಗೆ 2ರಿಂದ 4 ವಾರಕ್ಕೊಮ್ಮೆ 5ರಿಂದ 10 ಪರ್ಸೆಂಟ್ ಇಳಿಸುತ್ತಾ ಹೋಗುವುದು ಒಂದು ದಾರಿ. ಕೆಲವರಿಗೆ ನಿಧಾನವಾಗಿ ಇಳಿಯುವ ಡಯಾಜೆಪಾಮ್ ಅಥವಾ ಕ್ಲೊನಜೆಪಾಮ್‌ಗೆ ಬದಲಿಸಿ ಆಮೇಲೆ ಕಡಿಮೆ ಮಾಡುತ್ತೇವೆ. ತಿಂಗಳುಗಳೇ ಹಿಡಿಯಬಹುದು. ಎಸ್‌ಆರ್, ಅಂದರೆ ಔಷಧಿಯನ್ನು ನಿಧಾನವಾಗಿ ಬಿಡುವಂಥದ್ದು, ಅಂತ ಬರೆದಿರುವ ಮಾತ್ರೆಯನ್ನು ಮಾತ್ರ ಪುಡಿ ಮಾಡಬೇಡಿ, ನಿಮ್ಮಷ್ಟಕ್ಕೆ ಮುರಿಯಲೂಬೇಡಿ.

ಸೈಡ್ ಎಫೆಕ್ಟ್ ಅಂದರೆ ಎಲ್ಲರಿಗೂ ಗೊತ್ತಿರುವುದು ಮಂಪರು. ಹೊಸದಾಗಿ ಶುರು ಮಾಡಿದವರು ಗಾಡಿ ಓಡಿಸಬೇಡಿ. ರಾತ್ರಿ ಮಾತ್ರೆ ನುಂಗಿ ಆಡಿದ ಮಾತು ಬೆಳಿಗ್ಗೆ ನೆನಪಿಲ್ಲದೆ ಹೋಗುವುದೂ ಇದೆ. ವಯಸ್ಸಾದವರ ಬಗ್ಗೆ ನನಗೆ ಹೆಚ್ಚು ಚಿಂತೆ. ಅವರ ಮೈಯಲ್ಲಿ ಔಷಧಿ ಜಾಸ್ತಿ ಹೊತ್ತು ಉಳಿಯುತ್ತದೆ. ನಡುರಾತ್ರಿ ಬಾತ್‌ರೂಮಿಗೆ ಎದ್ದು ತೂರಾಡಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಕುಡಿತದ ಜೊತೆ ಬೇಡವೇ ಬೇಡ. ಟ್ರಮಡಾಲ್ ಥರದ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಇವುಗಳ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಜೋರು ಗೊರಕೆ ಇರುವವರು, ಶ್ವಾಸಕೋಶದ ಕಾಯಿಲೆ ಇರುವವರು ಮೊದಲೇ ಹೇಳಬೇಕು. ಗರ್ಭಿಣಿಯರೂ ಹೇಳಬೇಕು, ತಾವಾಗೇ ನಿಲ್ಲಿಸಬಾರದು. ಯಾರೂ ಯೋಚಿಸದ ಇನ್ನೊಂದು ಸಂಗತಿ: ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಅಲ್ಪ್ರಜೋಲಾಮನ್ನು ಲಿವರ್ ಒಡೆದುಹಾಕದಂತೆ ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತದೆ. ಇವೆರಡನ್ನೂ ಜೊತೆಗೆ ತಗೊಳ್ಳಬಾರದು. ಚರ್ಮದ ಡಾಕ್ಟರಿಗೆ ನಿಮ್ಮ ಗಾಬರಿ ಮಾತ್ರೆ ಗೊತ್ತಿರುವುದಿಲ್ಲ, ನೀವೇ ಹೇಳಬೇಕು.

'ನಾನು ಅಂಥ ಮಾತ್ರೆ ಯಾವುದೂ ತಗೊಳ್ಳಲ್ಲ' ಅನ್ನುವವರು ಒಮ್ಮೆ ತಮ್ಮ ಸ್ಟ್ರಿಪ್‌ಗಳನ್ನು ತಿರುಗಿಸಿ ನೋಡಿ. ಹೊಟ್ಟೆ ನುಲಿತ, ಗ್ಯಾಸ್ ಅಂತ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲಿಡಿನಿಯಮ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ. ಅದೂ ಇದೇ ಜಾತಿಯದು. ಎಸ್ಸಿಟಲೋಪ್ರಾಮ್ ಜೊತೆ ಕ್ಲೊನಜೆಪಾಮ್ ಸೇರಿಸಿ ಒಂದೇ ಮಾತ್ರೆ ಮಾಡಿರುವುದಂತೂ ನಮ್ಮಲ್ಲಿ ಎಲ್ಲೆಡೆ ಸಿಗುತ್ತದೆ. ಬ್ರ್ಯಾಂಡ್ ಹೆಸರು ಬಿಡಿ, ಕೆಳಗೆ ಸಣ್ಣಕ್ಷರದಲ್ಲಿ ಇರುವ ಹೆಸರನ್ನು ಓದಿ. ಹೆಸರಿನ ಕೊನೆಗೆ 'ಜೆಪಾಮ್' ಅಥವಾ 'ಜೋಲಾಮ್' ಅಂತ ಇದ್ದರೆ, ಇಲ್ಲವೇ ಕ್ಲೋರ್‌ಡಯಾಜೆಪಾಕ್ಸೈಡ್ ಇದ್ದರೆ ಡಾಕ್ಟರ ಹತ್ತಿರ ಎಷ್ಟು ದಿನ ಅಂತ ಕೇಳಿ.

ಹತ್ತಿರದಲ್ಲಿ ಮನೋವೈದ್ಯರು ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ, ಖಾಲಿಯಾದದ್ದನ್ನೂ ಸೇರಿಸಿ ತಗೊಂಡು ಹೋಗಿ. ದಿನಕ್ಕೆ ಎಷ್ಟು ಮಾತ್ರೆ, ಎಷ್ಟು ಗಂಟೆಗೆ, ಎಷ್ಟು ತಿಂಗಳಿಂದ ಅನ್ನುವುದನ್ನು ಮುಚ್ಚಿಡದೆ ಹೇಳಿ. ಎಷ್ಟು ಕಡಿಮೆ ಮಾಡಬೇಕು ಅನ್ನುವ ಲೆಕ್ಕ ಶುರುವಾಗುವುದೇ ಅಲ್ಲಿಂದ.