ಕಂಪ್ಯೂಟರ್‌ಗೆ ಕಡಲು ತೋರ್ಸಿದ್ಯಾರು?

ಪ್ರಶ್ನೆ: ಫ್ರ್ಯಾಕ್ಟಲ್ ಅನಿಮೇಶನ್ ವಿಡಿಯೋಗಳಲ್ಲಿ ಥೇಟ್ ಗೋಕರ್ಣದ ಥರ ಕಡಲತೀರ ಕಾಣ್ಸುತ್ತಲ್ಲ, ಯಾವ್ದೋ ಮ್ಯಾಪ್ ನೋಡ್ಕೊಂಡೇ ಮಾಡಿರ್ತಾರಾ?

ಇಲ್ಲ ಗುರು, ಮ್ಯಾಪೂ ಇಲ್ಲ ಫೋಟೋನೂ ಇಲ್ಲ. ಫ್ರ್ಯಾಕ್ಟಲ್ ಅಂದ್ರೆ ಎಷ್ಟು ಹತ್ರ ಹೋಗಿ ನೋಡಿದ್ರೂ ಅಂಕುಡೊಂಕು ಮುಗಿಯದ ಆಕಾರ, ಅದನ್ನ ಬರೀ ಲೆಕ್ಕದಲ್ಲೇ ಮಾಡ್ತಾರೆ. ಕೋಲಾರದಲ್ಲಿ ಕೂತು ಕಡಲ ಬಗ್ಗೆ ಹೇಳೋದು ತಮಾಷೆನೇ, ಆದ್ರೆ ಇದಕ್ಕೆ ನಮ್ಮ ಕೋಲಾರಮ್ಮ ಕೆರೆನೇ ಸಾಕು.

ಒಂದು ಚೌಕ ತಗೊಳ್ಳಿ, ನಾಲ್ಕು ಮೂಲೆಗೂ ಒಂದೊಂದು ಎತ್ತರ ಕೊಡಿ, ನಟ್ಟನಡುವೆ ನಾಲ್ಕರ ಸರಾಸರಿ ಹಾಕಿ ಅದನ್ನ ದಾಳ ಉರುಳಿಸ್ದಂಗೆ ಒಂಚೂರು ಮೇಲಕ್ಕೋ ಕೆಳಕ್ಕೋ ತಳ್ಳಿ, ನಾಲ್ಕು ಅಂಚುಗಳ ನಡುವಿಗೂ ಅಕ್ಕಪಕ್ಕದ ಎತ್ತರಗಳಿಂದ ಹಂಗೇ ಮಾಡಿ, ಆಮೇಲೆ ನಾಲ್ಕು ಚಿಕ್ಕ ಚೌಕಗಳಾಗಿ ಸೀಳಿ ಮತ್ತೆ ಅದೇ ಕೆಲ್ಸ, ತಳ್ಳೋದನ್ನ ಮಾತ್ರ ಪ್ರತಿಸಲ ಕಮ್ಮಿ ಮಾಡ್ತಾ ಹೋಗ್ಬೇಕು. ಅರ್ಧರ್ಧ ಇಳಿಸಿದ್ರೆ ಮೆತ್ತನೆ ದಿಬ್ಬ ಬರುತ್ತೆ, 0.7 ಪಟ್ಟು ಅಂತ ನಿಧಾನಕ್ಕೆ ಇಳಿಸಿದ್ರೆ ಅಂತರಗಂಗೆ ಬೆಟ್ಟದ ಥರ ಒರಟೊರಟು. ನಾನು ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ ಇದನ್ನ ಮೊದ್ಲು ಬರ್ದಾಗ ಗುಡ್ಡದ ಮೇಲೆಲ್ಲ ಇಸ್ತ್ರಿ ಮಡಿಕೆ ಥರ ನೇರ ಗೆರೆ ಬಿದ್ದಿತ್ತು, ಈ ವಿಧಾನದ ಹಳೇ ಕಾಯಿಲೆ ಅದು.

ಕಡಲೆಲ್ಲಿ ಅಂದ್ರಾ? ಇಂತಿಷ್ಟು ಎತ್ತರಕ್ಕಿಂತ ಕೆಳಗಿರೋದಕ್ಕೆಲ್ಲ ನೀಲಿ ಬಳಿಯಿರಿ, ಮುಗೀತು. ಒಂದೊಂದು ಫ್ರೇಮ್‌ಗೂ ಆ ಮಟ್ಟ ಚೂರು ಏರಿಸಿದ್ರೆ ಅದೇ ಅನಿಮೇಶನ್. ಕೆರೆಗೆ ನೀರು ಬರುವಾಗ ಏರಿ ಮೇಲೆ ನಿಂತು ನೋಡಿದ್ದೀರಾ? ಜಾಲಿ ಗಿಡಗಳ ಮಧ್ಯೆ ನೀರು ಮೊದ್ಲು ನಾಲಿಗೆ ಚಾಚುತ್ತೆ, ದಿಬ್ಬ ಎರಡು ದಿನ ದ್ವೀಪ ಆಗಿರುತ್ತೆ, ಆಮೇಲೆ ಮುಳುಗುತ್ತೆ. ಆ ಅಂಚನ್ನ ಯಾರೂ ಬರೆದಿಲ್ಲ, ನೆಲದ ಏರುತಗ್ಗೇ ಬರೆದಿದ್ದು.

ಹತ್ರ ಹೋದಷ್ಟೂ ಅಂಕುಡೊಂಕು ಮುಗಿಯಲ್ಲ ಅನ್ನೋದೇ ಇಲ್ಲಿ ಗುಟ್ಟು. 1967ರಲ್ಲಿ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್, ರಿಚರ್ಡ್‌ಸನ್ ಅನ್ನೋರ ಅಳತೆಗಳನ್ನ ಇಟ್ಕೊಂಡು ಬ್ರಿಟನ್ ಕರಾವಳಿ ಎಷ್ಟುದ್ದ ಅಂತ ಕೇಳಿದ್ರು, ಅಳೆಯೋ ಕೋಲು ಚಿಕ್ಕದಾದಷ್ಟೂ ಉದ್ದ ಬೆಳೀತಾನೇ ಹೋಗುತ್ತೆ. ಅಂಕುಡೊಂಕು ಎಷ್ಟು ಅಂತ ಹೇಳೋ ಸಂಖ್ಯೆಗೆ ಆಯಾಮ ಅಂತಾರೆ, ನೇರ ಗೆರೆಗೆ ಅದು 1; ಅಲ್ಲಿನ ಪಶ್ಚಿಮ ತೀರದ ಆಯಾಮ ಸುಮಾರು 1.25, ನುಣುಪಾದ ದಕ್ಷಿಣ ಆಫ್ರಿಕಾ ತೀರದ್ದು 1.02. ನಮ್ಮ ದೇಶದ ಕರಾವಳಿನೂ ಹಂಗೇ, ಶಾಲೇಲಿ 7,516 ಕಿ.ಮೀ. ಅಂತ ಬಾಯಿಪಾಠ ಮಾಡಿದ್ವಲ್ಲ, ಸೂಕ್ಷ್ಮ ಮ್ಯಾಪ್‌ನಲ್ಲಿ ಅಳೆದ ಮೇಲೆ ಸುಮಾರು 11,098 ಆಯ್ತು, ಸಮುದ್ರವೇನೂ ಬೆಳೆದಿಲ್ಲ.

1980ರಲ್ಲಿ ಲೋರೆನ್ ಕಾರ್ಪೆಂಟರ್ ಅನ್ನೋ ಕಂಪ್ಯೂಟರ್ ಗ್ರಾಫಿಕ್ಸ್ ಪರಿಣತ ಬರೀ ಈ ಥರದ ಲೆಕ್ಕದಲ್ಲೇ ಬೆಟ್ಟಗಳ ಮೇಲೆ ಹಾರಾಡೋ ಎರಡು ನಿಮಿಷದ ಕಿರುಚಿತ್ರ ಮಾಡಿ ಗ್ರಾಫಿಕ್ಸ್ ಜನರನ್ನ ಬೆರಗು ಮಾಡಿದ್ರು.

ಆದ್ರೂ ನಂಗೆ ಇವು ಪೂರ್ತಿ ನಿಜ ಅನ್ಸಲ್ಲ. ಸರಿಯಾಗಿ ನೋಡಿ, ಸರಳವಾಗಿ ಮಾಡಿರೋ ವಿಡಿಯೋಗಳಲ್ಲಿ ಬೆಟ್ಟ ಇರುತ್ತೆ, ಕೊಲ್ಲಿ ಇರುತ್ತೆ, ಕಡಲಿಗೆ ಬಂದು ಸೇರೋ ಒಂದು ಹೊಳೆ ಮಾತ್ರ ಇರಲ್ಲ, ಯಾಕಂದ್ರೆ ಆ ನೆಲದ ಮೇಲೆ ಒಂದು ಮಳೆನೂ ಬಿದ್ದಿಲ್ಲ.