‘ಜಸ್ಟಿಫೈಡ್’ ಆಗಿರುವುದು ಕೊಲೆಯಲ್ಲ, ಕೊಲೆಗಾರ

ಜೇಮ್ಸ್ ಹಾಗ್ 1824ರಲ್ಲಿ ತನ್ನ ಹೆಸರು ಹಾಕದೆ ಹೊರತಂದ ಗಾಥಿಕ್ ಕಾದಂಬರಿ ‘ದಿ ಪ್ರೈವೇಟ್ ಮೆಮೊಯರ್ಸ್ ಅಂಡ್ ಕನ್ಫೆಷನ್ಸ್ ಆಫ್ ಎ ಜಸ್ಟಿಫೈಡ್ ಸಿನ್ನರ್’. ಓದು ಬಳಗಗಳಲ್ಲಿ ಇದರ ಚರ್ಚೆ ಶುರುವಾಗುವುದೇ ‘ಕಥಾನಾಯಕ ರಾಬರ್ಟ್ ರಿಂಗಮ್ ಮಾಡಿದ ಕೊಲೆಗಳು ಜಸ್ಟಿಫೈಡ್ ಹೌದೋ ಅಲ್ಲವೋ’ ಎಂದು. ಅರ್ಧ ಗಂಟೆ ಅಲ್ಲಿಗೇ ಖರ್ಚು. ಶೀರ್ಷಿಕೆ ಆ ಪ್ರಶ್ನೆಯನ್ನು ಕೇಳಿಯೇ ಇಲ್ಲ.

ಲ್ಯಾಟಿನ್ನಿನ ಯುಸ್ಟುಸ್ ಅಂದರೆ ನೀತಿವಂತ, ಫಾಕೆರೆ ಅಂದರೆ ಮಾಡು. ಎರಡೂ ಕೂಡಿ ಆದ ಪದ ಈ ‘ಜಸ್ಟಿಫೈ’. ಅದರ ಬೆನ್ನಿಗಿರುವುದು ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿರುವ ಪೌಲನ ಪತ್ರಗಳ ಗ್ರೀಕ್ ಕ್ರಿಯಾಪದ ಡಿಕಾಯೊಓ, ಅಪ್ಪಟ ಕೋರ್ಟಿನ ಮಾತು. ‘ಇವನು ನೀತಿವಂತ’ ಎಂದು ನ್ಯಾಯಾಧೀಶ ತೀರ್ಪು ಕೊಟ್ಟಂತೆ. ತೀರ್ಪು ಮನುಷ್ಯನ ಮೇಲೆ, ಅವನ ಕೃತ್ಯದ ಮೇಲಲ್ಲ. ಅದೂ ಅವನ ಗಳಿಕೆಯಲ್ಲ, ಕೃಪೆ. ಕನ್ನಡ ಬೈಬಲ್ ಇದಕ್ಕೆ ‘ನೀತಿವಂತರೆಂಬ ನಿರ್ಣಯ’ ಅನ್ನುತ್ತದೆ. ಇಷ್ಟು ಚೊಕ್ಕ ಮಾತು ಕೈಯಲ್ಲಿರುವಾಗ ಶೀರ್ಷಿಕೆಯನ್ನು ‘ಸಮರ್ಥಿತ ಪಾಪಿ’ ಎಂದು ಕನ್ನಡಿಸುವುದು ಯಾಕೆ ಬೇಕೋ! ಹಳೆಯ ಸ್ಕಾಟ್ಸ್ ನುಡಿಯಲ್ಲಂತೂ ಜಸ್ಟಿಫೈ ಅಂದರೆ ಅಪರಾಧಿಗೆ ಮರಣದಂಡನೆ ಕೊಡುವುದೂ ಹೌದು. ನೇಣಿನಲ್ಲಿ ಮುಗಿಯುವ ಕಥೆಗೆ ಈ ಅರ್ಥ ತಾನಾಗಿ ಅಂಟಿಕೊಳ್ಳುತ್ತದೆ.

ಇನ್ನೊಂದು ಅವಸರ: ‘ಕಾಲ್ವಿನ್ ಮತವೇ ಕೊಲೆ ಮಾಡಿಸಿತು’. ಯಾರು ಉದ್ಧಾರವಾಗಬೇಕೆಂದು ದೇವರು ಮೊದಲೇ ಆರಿಸಿದ್ದಾನೆ ಎನ್ನುವ ಪ್ರಾಟೆಸ್ಟಂಟ್ ಪಂಥ ಅದು. ನೀನು ದೇವರು ಆರಿಸಿಕೊಂಡವರಲ್ಲಿ ಒಬ್ಬ ಎಂದು, ರಾಬರ್ಟ್‌ನನ್ನು ಸಾಕಿದ ಪಾದ್ರಿ ರಿಂಗಮ್ ಸಾರಿದ ದಿನವೇ ಅವನಿಗೆ ಗಿಲ್-ಮಾರ್ಟಿನ್ ಎಂಬ ನಿಗೂಢ ಅಪರಿಚಿತ ಎದುರಾಗುತ್ತಾನೆ. ಆರಿಸಲ್ಪಟ್ಟವನಿಗೆ ಯಾವ ಪಾಪವೂ ತಾಗದು ಎಂಬ ತರ್ಕವನ್ನು ಗಿಲ್-ಮಾರ್ಟಿನ್ ಕೊಲೆಯವರೆಗೆ ಎಳೆಯುತ್ತಾನೆ. ಇದರ ಹೆಸರು ಆಂಟಿನೋಮಿಯನ್ ವಾದ. ನೋಮೋಸ್ ಅಂದರೆ ಕಟ್ಟಳೆ, ಅದಕ್ಕೆ ಎದುರಾದದ್ದು. ಆದರೆ ಸ್ಕಾಟ್ಲೆಂಡಿನ ಚರ್ಚು 1647ರಲ್ಲಿ ಒಪ್ಪಿಕೊಂಡ ಕಾಲ್ವಿನ್ ಮತದ ನಂಬಿಕೆಗಳ ಅಧಿಕೃತ ಹೇಳಿಕೆ ವೆಸ್ಟ್‌ಮಿನ್‌ಸ್ಟರ್ ಕನ್ಫೆಷನ್ನೇ ಈ ವಾದವನ್ನು ಒಪ್ಪುವುದಿಲ್ಲ. 11ನೇ ಅಧ್ಯಾಯದ 5ನೇ ಕಂಡಿಕೆಯ ಪ್ರಕಾರ ನಿರ್ಣಯ ಪಡೆದವನು ಆ ಸ್ಥಿತಿಯಿಂದ ಜಾರುವುದಿಲ್ಲ. ರಾಬರ್ಟ್ ಓದು ನಿಲ್ಲಿಸುವುದು ಇಲ್ಲಿ. ಅದೇ ಕಂಡಿಕೆ ಮುಂದುವರಿದು, ಪಾಪ ಮಾಡಿದರೆ ದೇವರ ಅಸಮಾಧಾನಕ್ಕೆ ಗುರಿಯಾಗುತ್ತಾನೆ ಅನ್ನುತ್ತದೆ. 19ನೇ ಅಧ್ಯಾಯದ 5ನೇ ಕಂಡಿಕೆ ಇನ್ನೂ ನೇರ: ನೀತಿಯ ಕಟ್ಟಳೆ ನಿರ್ಣಯ ಪಡೆದವರನ್ನೂ ಕಟ್ಟಿಹಾಕುತ್ತದೆ, ಎಂದೆಂದಿಗೂ.

ಚರ್ಚೆಗೆ ಈ ಎರಡು ಕಂಡಿಕೆಗಳನ್ನು ಅಚ್ಚು ಹಾಕಿಸಿ ತನ್ನಿ, ಒಂದು ಪುಟವೂ ಆಗದು. ಆಮೇಲೆ ಬ್ಲಾಂಚರ್ಡ್ ಬರುವ ಪುಟಗಳನ್ನು ತೆಗೆಯಿರಿ. ಧರ್ಮವನ್ನು ಇಷ್ಟು ದೂರ ಎಳೆಯಬೇಡ ಎಂದು ರಾಬರ್ಟ್‌ಗೆ ಎಚ್ಚರಿಸುವವನು ನಾಸ್ತಿಕನಲ್ಲ, ಅವನೂ ಉಪದೇಶಕನೇ. ರಾಬರ್ಟ್‌ನ ಮೊದಲ ಬಲಿಯೂ ಅವನೇ.