ಕಾದ ಕಾವಲಿ ಮೇಲೆ ನೀರಿನ ಹನಿ ಯಾಕೆ ಕುಣಿಯುತ್ತದೆ?

ಪ್ರಶ್ನೆ: ದೋಸೆ ಹುಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸುತ್ತೇವೆ. ಕೆಲವು ಸಲ ‘ಚುಂಯ್’ ಅಂದು ಕ್ಷಣದಲ್ಲಿ ಆರಿಹೋಗುತ್ತದೆ. ಕಾವಲಿ ವಿಪರೀತ ಕಾದಿದ್ದರೆ ಮಾತ್ರ ಅದೇ ನೀರು ಗೋಲಿಗಳಾಗಿ ಓಡಾಡುತ್ತದೆ, ಬೇಗ ಆರುವುದೇ ಇಲ್ಲ. ಬಿಸಿ ಜಾಸ್ತಿ ಇದ್ದರೆ ಬೇಗ ಆರಬೇಕಲ್ವಾ?

ಉತ್ತರ: ‘ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ’ ಅನ್ನುತ್ತೇವಲ್ಲ, ಆ ಮಾತು ನಿಜವಾಗುವುದು ಹೆಚ್ಚುಕಡಿಮೆ 200 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದನ್ನು ದಾಟಿದರೆ ನೀರು ತನ್ನ ಕೆಳಗೆ ತಾನೇ ಒಂದು ಚಾಪೆ ಹಾಸಿಕೊಳ್ಳುತ್ತದೆ. ಹಬೆಯ ಚಾಪೆ.

ಕಾವಲಿ 100 ಡಿಗ್ರಿಗಿಂತ ಕಡಿಮೆ ಇದ್ದರೆ ಹನಿ ಸುಮ್ನೆ ಹರಡಿಕೊಂಡು ಮೆಲ್ಲಗೆ ಆರುತ್ತದೆ. 100 ದಾಟಿ ಇನ್ನಷ್ಟು ಕಾದರೆ, ಹನಿ ಲೋಹಕ್ಕೆ ಅಂಟಿಕೊಂಡೇ ಕುದಿಯುತ್ತದೆ. ‘ಚುಂಯ್’ ಸದ್ದು ಆಗಿನದು. ಇನ್ನೂ ಕಾದರೆ, ಹನಿ ಲೋಹವನ್ನು ಸರಿಯಾಗಿ ಮುಟ್ಟುವ ಮೊದಲೇ ಅದರ ತಳದ ನೀರು ಹಬೆಯಾಗಿಬಿಡುತ್ತದೆ. ಆ ಹಬೆ ಮೇಲಿನ ನೀರನ್ನು ಎತ್ತಿ ಹಿಡಿಯುತ್ತದೆ. ಪದರ ಎಷ್ಟು ದಪ್ಪ ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಷ್ಟೇ. ಆದರೆ ನೀರಿಗೆ ಹೋಲಿಸಿದರೆ ಹಬೆಯಲ್ಲಿ ಶಾಖ ಹರಿಯುವುದು 25 ಪಾಲು ನಿಧಾನ. ಹಾಗಾಗಿ ಕೆಳಗೆ ಲೋಹ ಸುಡುತ್ತಿದ್ದರೂ ಮೇಲಿನ ಹನಿ 100 ಡಿಗ್ರಿಯನ್ನೂ ಮುಟ್ಟದೆ ಆರಾಮಾಗಿರುತ್ತದೆ. ಹಬೆ ಪಕ್ಕದಿಂದ ಸೋರಿ ಹೋದಷ್ಟೂ ತಳದ ನೀರು ಹೊಸ ಹಬೆಯಾಗುತ್ತಾ ಇರುತ್ತದೆ.

ಇದಕ್ಕೆ ಲೈಡನ್‌ಫ್ರಾಸ್ಟ್ ಪರಿಣಾಮ ಎಂದು ಹೆಸರು. ಯೋಹಾನ್ ಗಾಟ್ಲೋಬ್ ಲೈಡನ್‌ಫ್ರಾಸ್ಟ್ ಜರ್ಮನಿಯ ವೈದ್ಯ. 1756ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದು ಇದನ್ನು ವಿವರಿಸಿದರು. ಅವರ ಪ್ರಯೋಗಶಾಲೆ ಅಂದರೆ ಒಂದು ಕಬ್ಬಿಣದ ಚಮಚ ಮತ್ತು ಕೆಂಡ. ಚಮಚವನ್ನು ಕೆಂಪಗೆ ಕಾಯಿಸಿ ಒಂದು ಹನಿ ಹಾಕಿದರು. ಅದು ಸುಮಾರು 30 ಸೆಕೆಂಡು ಉಳಿಯಿತು. ಅಷ್ಟರಲ್ಲಿ ಚಮಚ ಸ್ವಲ್ಪ ತಣಿದಿತ್ತು. ಎರಡನೇ ಹನಿ 10 ಸೆಕೆಂಡಿನಲ್ಲೇ ಮಾಯ. ತಣಿದಂತೆಲ್ಲ ಹನಿಯ ಆಯಸ್ಸು ಕಡಿಮೆ! ಚಮಚವೇ ಯಾಕೆ ಅಂತ ನನಗೆ ಅರ್ಥವಾದದ್ದು ಮನೆಯ ಕಾವಲಿಯಲ್ಲಿ ಹನಿಯ ಹೊತ್ತು ಅಳೆಯಲು ಹೋದಾಗ. ಎಣಿಸಲು ಶುರು ಮಾಡುವ ಮೊದಲೇ ಹನಿ ಜಾರಿ ಒಲೆಗೆ ಬಿದ್ದಿತ್ತು. ಗುಳಿ ಇರುವ ಚಮಚದಲ್ಲಾದರೆ ಅದು ಓಡಿಹೋಗುವುದೆಲ್ಲಿಗೆ?

ಈ ಓಟದ್ದೂ ಒಂದು ಕಥೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಲೋಹಕ್ಕೆ ಅಂಟಿಕೊಂಡಿಲ್ಲವಲ್ಲ, ಹಾಗಾಗಿ ಕಾವಲಿ ಚೂರು ವಾಲಿದ್ದರೂ ಹನಿ ಜಾರುತ್ತದೆ. ಸರಿ, ಪೂರ್ತಿ ಮಟ್ಟಸವಾಗಿದ್ದರೆ? ಆಗಲೂ ಓಡುತ್ತದೆ! 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಹನಿಯ ಒಳಗೇ ಇಣುಕಿ ನೋಡಿದರು. ದೊಡ್ಡ ಹನಿಯೊಳಗೆ ನೀರು ಎರಡೂ ಬದಿಗೆ ಸಮನಾಗಿ ಸುತ್ತುತ್ತದೆ. ಆರುತ್ತಾ ಆರುತ್ತಾ ಚಿಕ್ಕದಾದಾಗ ಆ ಸಮತೋಲ ಮುರಿಯುತ್ತದೆ. ಒಳಗಿನ ನೀರೆಲ್ಲ ಒಂದೇ ದಿಕ್ಕಿಗೆ ಗಾಲಿಯ ಹಾಗೆ ಉರುಳತೊಡಗುತ್ತದೆ. ಹನಿಯ ತಳವೂ ಒಂದಿಷ್ಟು ಓರೆಯಾಗುತ್ತದೆ. ಹನಿ ತಾನಾಗಿಯೇ ಹೊರಟುಬಿಡುತ್ತದೆ. ಯಾರೂ ತಳ್ಳಬೇಕಿಲ್ಲ.

ಅದಕ್ಕೂ ಮೊದಲು, 2006ರಲ್ಲಿ, ಇನ್ನೊಂದು ತಂಡ ಗರಗಸದ ಹಲ್ಲಿನಂತೆ ಓರೆ ಗೀರುಗಳಿದ್ದ ಲೋಹವನ್ನು ಕಾಯಿಸಿ ಹನಿ ಬಿಟ್ಟಿತ್ತು. ಹಬೆ ಒಂದೇ ಕಡೆಗೆ ನುಗ್ಗಿ, ಹನಿಗಳು ಸೆಕೆಂಡಿಗೆ 5 ಸೆಂಟಿಮೀಟರ್‌ವರೆಗಿನ ವೇಗದಲ್ಲಿ ಓಡಿದವು. ಇಳಿಜಾರನ್ನೂ ಹತ್ತಿದವು. ವಿಡಿಯೊ ಸಿಕ್ಕರೆ ನೋಡಿ, ಇರುವೆ ಸಾಲಿನ ಹಾಗೆ ಕಾಣುತ್ತದೆ.

ಕಮ್ಮಾರರಿಗೆ ಮಾತ್ರ ಈ ಹಬೆಯ ಪದರ ತಲೆನೋವು. ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಸುತ್ತ ಹಬೆ ಕವಿದು, ಬೇಕಾದಷ್ಟು ಬೇಗ ತಣಿಯುವುದಿಲ್ಲ, ಹದ ಕೆಡುತ್ತದೆ. ಅದಕ್ಕೇ ನೀರೊಳಗೆ ಅದನ್ನು ಆಡಿಸುತ್ತಿರಬೇಕು. ಉಪ್ಪುನೀರಿನಲ್ಲಿ ಅದ್ದಿದರೂ ಪದರ ಬೇಗ ಒಡೆಯುತ್ತದೆ.

ಇನ್ನು ದೋಸೆಗೆ ಬರೋಣ. ನೀರು ಗೋಲಿಯಾದರೆ ಕಾವಲಿ ದೋಸೆಗೆ ಬೇಕಾದ್ದಕ್ಕಿಂತ ಜಾಸ್ತಿ ಕಾದಿದೆ ಎಂದೇ ಅರ್ಥ. ಆಗ ಹಿಟ್ಟು ಹುಯ್ದರೆ ಬಿದ್ದಲ್ಲೇ ಬೆಂದು, ಸೌಟಿಗೆ ಅಂಟಿ ಮುದ್ದೆಯಾಗುತ್ತದೆ. ಉರಿ ತಗ್ಗಿಸಿ ಇನ್ನೆರಡು ಸಲ ನೀರು ಚಿಮುಕಿಸಿ. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100ಕ್ಕೆ ಏರಿಸಲು 100 ಕ್ಯಾಲೊರಿ ಸಾಕು, ಅದನ್ನು ಹಬೆ ಮಾಡಲು 540 ಬೇಕು. ಅಷ್ಟು ಶಾಖವನ್ನೂ ನೀರು ಕಾವಲಿಯಿಂದಲೇ ಕಿತ್ತುಕೊಳ್ಳುತ್ತದೆ, ಕಾವಲಿ ತಣಿಯುತ್ತದೆ. ‘ಚುಂಯ್’ ಸದ್ದು ವಾಪಸ್ ಬಂದ ಮೇಲೆ ಈರುಳ್ಳಿ ಹೋಳಿನಿಂದ ಉಜ್ಜಿ ಹಿಟ್ಟು ಹುಯ್ಯಿರಿ. ನಮ್ಮ ಅಮ್ಮನ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ ಬಿಡಿ.

ಗೋಲಿಯಾಟ ನೋಡಲೇಬೇಕು ಅಂತಿದ್ದರೆ ಕಬ್ಬಿಣದ ಅಥವಾ ಸ್ಟೀಲಿನ ಕಾವಲಿ ತೆಗೆದುಕೊಳ್ಳಿ. ನಾನ್‌ಸ್ಟಿಕ್ ಬೇಡವೇ ಬೇಡ. ಬರಿದೇ ಕಾಯಿಸಿದರೆ ಅದರ ಲೇಪ ಕೆಟ್ಟು ಹೊಗೆ ಬರಬಹುದು. ಎಣ್ಣೆ ಹಾಕಬೇಡಿ, ಸಿಡಿಯುತ್ತದೆ. ಮಕ್ಕಳಿದ್ದರೆ ಒಲೆಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ಹನಿ ಹಾಕುವ ಕೆಲಸ ನೀವೇ ಮಾಡಿ. ಸೆಕೆಂಡು ಎಣಿಸುವುದನ್ನು ಅವರಿಗೆ ಬಿಡಿ.